ಮುಟ್ಟಿ ಹೇಳಬೇಕಾದ ಏಳು ಮಾತು

ಪಿಕಪ್ ಗಾಡಿಯ ಹಿಂದೆ ಟ್ರೈಲರ್ ಕಟ್ಟಿಕೊಂಡು ಓಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಬಳಿ ಬಂದರೆ ಮೊದಲು ಕೇಳುವುದು ರಿವರ್ಸ್ ಹೇಗೆ ಎಂದು. ಅದು ಎರಡು ವಾರದಲ್ಲಿ ಕೈಗೆ ಹತ್ತುತ್ತದೆ. ಸ್ಟೀರಿಂಗಿನ ಕೆಳಭಾಗವನ್ನು ಹಿಡಿಯಿರಿ. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಒಂದೇ ಸಲಕ್ಕೆ ಹೆಚ್ಚು ಸರಿಸಬೇಡಿ. ಅಷ್ಟೇ.

ಅವರು ಕೇಳದೆ ಬಿಡುವುದು ಹೊರಡುವ ಮೊದಲಿನ ಹತ್ತು ನಿಮಿಷದ ಬಗ್ಗೆ. ನನ್ನ ಮಟ್ಟಿಗೆ ಇಡೀ ಕೆಲಸ ಇರುವುದು ಆ ಹತ್ತು ನಿಮಿಷದಲ್ಲಿ. ಅದನ್ನು ಬರೆಯಬೇಕಾದರೆ ನನ್ನ ಸಹಾಯಕನಾಗಿದ್ದ ರಹಮತ್ ವಿಷಯ ಬಿಟ್ಟು ಬರೆಯಲಾಗುವುದಿಲ್ಲ. ಅವನ ಮೇಲೆ ನಾನು ಬರೆದುಕೊಟ್ಟ ನಾಲ್ಕು ಸಾಲಿನಿಂದ ಅವನ ಕೆಲಸ ಹೋಯಿತು. ಆ ನಾಲ್ಕು ಸಾಲು ಸರಿಯಾಗಿದ್ದವೇ ಎಂಬ ಪ್ರಶ್ನೆ ಮುಂದಿನ ಐದು ವರ್ಷ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂತು ಬಂತು.

ನಾನು ಸೇನೆಯಲ್ಲಿ ಹದಿನೇಳು ವರ್ಷ ಲಾರಿ ಓಡಿಸಿ, ಹವಾಲ್ದಾರನಾಗಿ ಹೊರಬಂದವನು. ಆಮೇಲೆ ಒಂದು ಕಾರ್ಖಾನೆಯ ಬಸ್, ಅದಾದ ಮೇಲೆ ಒಂದು ಶಾಲೆಯ ಬಸ್. ನನ್ನ ಹೆಂಡತಿ ಗೌರಮ್ಮ ತೀರಿಕೊಂಡ ವರ್ಷ, ಮೈಸೂರಿನ ಒಂದು ಪ್ರವಾಸ ಕಂಪನಿಯವರು ಟ್ರೈಲರ್ ಎಳೆಯಲು ಡ್ರೈವರ್ ಹುಡುಕುತ್ತಿದ್ದಾರೆಂದು ತಿಳಿದು ಹೋದೆ. ಮಾಲೀಕರ ಹೆಸರು ಚಂದ್ರಶೇಖರಯ್ಯ. ಲೈಸೆನ್ಸ್ ನೋಡುವ ಮೊದಲೇ ಕೇಳಿದರು:

"ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ?"

"ನಾಲ್ಕೂಮುಕ್ಕಾಲಿಗೆ ಸಾರ್."

"ರಜಾ ದಿನ?"

"ನಾಲ್ಕೂಮುಕ್ಕಾಲಿಗೆ."

"ನಾಳೆ ಬನ್ನಿ."

ಆ ಟ್ರೈಲರನ್ನು ನಾವು ಮನೆ ಎಂದೇ ಕರೆಯುತ್ತಿದ್ದೆವು. ಎರಡು ಚಕ್ರದ ಮೇಲೆ ಒಂದು ಕೋಣೆ. ಒಳಗೆ ನಾಲ್ವರಿಗೆ ಹಾಸಿಗೆ, ಅಡುಗೆ ಕಟ್ಟೆ, ಸಿಂಕು, ಒಬ್ಬರು ಮಾತ್ರ ತಿರುಗಬಹುದಾದ ಬಚ್ಚಲು, ಹೂವಿನ ಚಿತ್ತಾರದ ಪರದೆ ಹಾಕಿದ ಎರಡು ಕಿಟಕಿ. ಬಾಡಿಗೆಗೆ ತೆಗೆದುಕೊಂಡ ಸಂಸಾರದವರು ತಮ್ಮ ಕಾರಿನಲ್ಲಿ ಬರುತ್ತಿದ್ದರು. ಓಡುವ ಮನೆಯೊಳಗೆ ಯಾರೂ ಕೂರುವಂತಿಲ್ಲ. ಕೆರೆ ದಂಡೆಯೋ ಕಾಡಂಚೋ ಅವರು ಹೇಳಿದ ಜಾಗಕ್ಕೆ ನಾವು ಮನೆಯನ್ನು ಎಳೆದು ತಂದು, ಮಟ್ಟ ನೋಡಿ ನಿಲ್ಲಿಸಿ, ಕೀಲಿ ಕೊಡಬೇಕು. ಆಮೇಲೆ ಡ್ರೈವರಿಗೆ ಪಿಕಪ್ಪಿನ ಸೀಟೇ ಹಾಸಿಗೆ. ಹನ್ನೊಂದು ವರ್ಷ ಒಂದು ಮನೆಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಿರುಗಿದೆ. ಒಂದು ದಿನವೂ ಅದರೊಳಗೆ ಮಲಗಲಿಲ್ಲ.

ಮೊದಲ ಆರು ವರ್ಷ ಎಡಗಡೆಯ ಸೀಟಿನಲ್ಲಿ ರಹಮತ್ ಇದ್ದ. ಉದಯಗಿರಿಯವನು, ವೆಲ್ಡಿಂಗ್ ಕಲಿತವನು, ನನಗಿಂತ ಹತ್ತು ವರ್ಷ ಚಿಕ್ಕವನು. ಕಂಪನಿಯ ಕಾಗದದಲ್ಲಿ ಅವನು ಸಹಾಯಕ. ಮಾತು ಜಾಸ್ತಿ. ಮೊದಲ ವಾರ ನನಗೆ ಅವನ ಮಾತು ಕಿರಿಕಿರಿಯಾಗಿತ್ತು. ಎರಡನೆಯ ತಿಂಗಳಿನಿಂದ ಅವನು ರಜೆ ಹಾಕಿದ ದಿನ ರೇಡಿಯೋ ಹಾಕುತ್ತಿದ್ದೆ.

ತಪಾಸಣೆಯ ಕ್ರಮ ನಾನು ಸೇನೆಯಿಂದ ತಂದದ್ದು. ಒಬ್ಬನು ಕೂಗಬೇಕು, ಇನ್ನೊಬ್ಬನು ಮುಟ್ಟಿ ಉತ್ತರಿಸಬೇಕು. ನಾನು ಡ್ರೈವರ್ ಬಾಗಿಲ ಬಳಿ ನಿಂತು ಒಂದೊಂದೇ ಹೆಸರು ಕೂಗುತ್ತಿದ್ದೆ. ರಹಮತ್ ಆ ಭಾಗದ ಮೇಲೆ ಕೈಯಿಟ್ಟು "ಇದೆ" ಅನ್ನುತ್ತಿದ್ದ. ಬಾಯಿ, ಪಿನ್, ಚೈನ್, ವೈರ್, ಕಾಲು, ಗಾಳಿ, ಬಾಗಿಲು. ಹೀಗೆ ಏಳು. ವೈರ್ ಎಂದರೆ ಟ್ರೈಲರಿನ ದೀಪ, ಬ್ರೇಕಿನದು; ಕಾಲು ಎಂದರೆ ನಿಂತಾಗ ಅದರ ಮೂತಿ ಹೊರುವ ಜಾಕು; ಗಾಳಿ ಚಕ್ರದ್ದು. ನೋಡಿ ಹೇಳುವಂತಿಲ್ಲ. ಕಣ್ಣು ನಿನ್ನೆ ಕಂಡದ್ದನ್ನೇ ಇವತ್ತೂ ಕಾಣುತ್ತದೆ. ಕೈಗೆ ಆ ಚಾಳಿಯಿಲ್ಲ.

ಹೊಸಬರಿಗಾಗಿ ಬಿಡಿಸಿ ಹೇಳುತ್ತೇನೆ. ಪಿಕಪ್ಪಿನ ಹಿಂದೆ ಕಿತ್ತಳೆ ಗಾತ್ರದ ಒಂದು ಕಬ್ಬಿಣದ ಗುಂಡು ಇರುತ್ತದೆ. ಟ್ರೈಲರಿನ ಮೂತಿಯಲ್ಲಿ ಬೋರಲು ಬಟ್ಟಲಿನಂಥ ಬಾಯಿ. ಆ ಬಾಯಿ ಗುಂಡನ್ನು ಒಳಗೆ ತೆಗೆದುಕೊಂಡು ಕೆಳಗಿನಿಂದ ಕಚ್ಚಿ ಹಿಡಿಯಬೇಕು, ಮೇಲಿನ ಕೊಂಡಿಗೆ ಪಿನ್ ಹಾಕಬೇಕು. ಮೋಸ ಇರುವುದು ಇಲ್ಲೇ. ಬಾಯಿ ಕಚ್ಚದೆ ಗುಂಡಿನ ಮೇಲೆ ಸುಮ್ಮನೆ ಕುಳಿತಿದ್ದರೂ ಕಚ್ಚಿದಂತೆಯೇ ಕಾಣುತ್ತದೆ, ಪಿನ್ನೂ ಹೋಗುತ್ತದೆ. ಪರೀಕ್ಷೆ ಒಂದೇ. ಟ್ರೈಲರಿನ ಮುಂಗಾಲಿನ ಹಿಡಿ ತಿರುಗಿಸಿ ಮೂತಿಯನ್ನು ಮೇಲೆತ್ತಿ. ಪಿಕಪ್ಪಿನ ಹಿಂಭಾಗವೂ ಜೊತೆಗೆ ಎದ್ದರೆ ಕಚ್ಚಿದೆ. ಏಳದಿದ್ದರೆ ಇಲ್ಲ.

"ಗಂಡ ಹೆಂಡ್ತಿ ಇದ್ದಂಗೆ ಅವಾಲ್ದಾರ್ರೇ," ಅನ್ನುತ್ತಿದ್ದ ರಹಮತ್, ಹಿಡಿ ತಿರುಗಿಸುತ್ತಾ. "ಒಬ್ರನ್ನ ಎತ್ತಿದ್ರೆ ಇನ್ನೊಬ್ರೂ ಏಳ್ಬೇಕು. ಇಲ್ದಿದ್ರೆ ಸುಮ್ನೆ ಫೋಟೋಗೆ ನಿಂತವ್ರೆ ಅಂತ ಅರ್ಥ."

ಟ್ರೈಲರ್ ಬಂದಾಗ ಮೂತಿಯಿಂದ ಪಿಕಪ್ಪಿಗೆ ಸಿಕ್ಕಿಸುವ ಚೈನು ಇದ್ದದ್ದು ಒಂದೇ. ರಹಮತ್ ಎರಡನೆಯದನ್ನು ಬೆಸೆದು, ಎರಡನ್ನೂ ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಯಿಸಿದ. ನಾನು ಒಪ್ಪಲಿಲ್ಲ.

"ಕೊಟ್ಟಿರೋದು ಒಂದು. ನೀನ್ಯಾಕೆ ಎರಡು ಮಾಡ್ತೀಯ?"

"ಬಾಯಿ ಬುಟ್ಟೋದ್ರೆ ಮೂತಿ ರೋಡಿಗೆ ಬಡೀಬಾರ್ದಲ್ಲ. ತೊಟ್ಲು ಕಟ್ತಿವ್ನಿ."

"ನಾನಿರೋವಾಗ ಬಾಯಿ ಬಿಟ್ಟು ಹೋಗಲ್ಲ ಕಣಯ್ಯ."

"ಆಯ್ತು, ನೀವಿರೋವಾಗ ಓಗಲ್ಲ. ತೊಟ್ಲು ಇದ್ರೆ ಏನಾಯ್ತು, ಇರ್ಲಿ ಬುಡಿ."

ಏಳು ಮುಗಿದ ಮೇಲೆ ನಾನು ಸೀಟಿಗೆ ಹತ್ತಿ, ಕನ್ನಡಿ ನೋಡುತ್ತಾ ಎಂಟನೆಯದೊಂದನ್ನು ಕೂಗುತ್ತಿದ್ದೆ: "ಹಿಂದೆ?" ಮನೆಯ ಹಿಂದೆ ನಿಂತ ರಹಮತ್ ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ದನಿ ಮಾತ್ರ ಬರುತ್ತಿತ್ತು. "ಇದ್ದೀನಿ." ಅಷ್ಟಾದ ಮೇಲೆ ಗಾಡಿ ಅಲುಗುತ್ತಿತ್ತು. ಇದು ಸೇನೆಯ ಪಟ್ಟಿಯಲ್ಲಿ ಇರಲಿಲ್ಲ. ಯಾವಾಗ ಸೇರಿಕೊಂಡಿತೋ ನೆನಪಿಲ್ಲ.

ಒಂದು ಸಲ ನಂಜನಗೂಡಿನ ಕಡೆಯ ಒಂದು ಸಂಸಾರ ಮನೆಯನ್ನು ಮೂರು ದಿನಕ್ಕೆ ತೆಗೆದುಕೊಂಡಿತ್ತು. ಮೊಮ್ಮಗುವಿನ ಹುಟ್ಟುಹಬ್ಬ. ನಾವು ತಪಾಸಣೆ ಮುಗಿಸಿ ಟೀ ಕುಡಿಯಲು ಹೋದ ಹೊತ್ತಿನಲ್ಲಿ ಆ ಸಂಸಾರದ ಹಿರಿಯಾಕೆ ಟ್ರೈಲರಿನ ಹಿಂಬದಿಯ ಗೂಡಿನೊಳಗೆ ಎರಡು ಮೂಟೆ ಎಳನೀರು, ಒಂದು ಮೂಟೆ ಅಕ್ಕಿ, ದೊಡ್ಡ ಹಿತ್ತಾಳೆ ಪಾತ್ರೆಗಳನ್ನು ಇಡಿಸಿದ್ದರು. ಹೊರಟು ಸ್ವಲ್ಪ ದೂರ ಏನೂ ಆಗಲಿಲ್ಲ. ವೇಗ ಅರವತ್ತು ದಾಟಿ, ಪಕ್ಕದಲ್ಲಿ ಬಸ್ಸೊಂದು ಹಾದುಹೋದದ್ದೇ ತಡ, ಮನೆ ಬಾಲ ಬೀಸತೊಡಗಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ಅಗಲವಾಗಿ. ಪಿಕಪ್ಪಿನ ಹಿಂಭಾಗವನ್ನು ಯಾರೋ ಹಿಡಿದು ಜಗ್ಗಿದಂತೆ.

"ಬ್ರೇಕ್ ಬ್ಯಾಡಿ, ಬ್ರೇಕ್ ಬ್ಯಾಡಿ!" ಎಂದು ರಹಮತ್ ಕಿರುಚಿದ. ಅದು ನನಗೂ ಗೊತ್ತಿತ್ತು, ಆದರೆ ಕಾಲು ಆಗಲೇ ಬ್ರೇಕಿನ ಮೇಲಿತ್ತು. ಅವನ ಕೂಗಿಗೆ ಕಾಲು ವಾಪಸು ಬಂತು. ನೆನಪಿಡಿ: ಬಾಲ ಬೀಸಿದಾಗ ಬ್ರೇಕ್ ಒತ್ತಿದರೆ ಟ್ರೈಲರ್ ಮಡಚಿಕೊಂಡು ಬಂದು ನಿಮ್ಮನ್ನೇ ಹೊಡೆಯುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗನ್ನು ನೇರವಾಗಿ ಹಿಡಿಯಿರಿ, ಅದು ಬೀಸಿದ ಕಡೆಗೆಲ್ಲ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಟ್ರೈಲರಿಗೆ ಮಾತ್ರ ಹಿಡಿಯುವ ಬ್ರೇಕಿನ ಹಿಡಿ ಇದ್ದರೆ ಅದನ್ನು ಮೆಲ್ಲಗೆ ಎಳೆಯಿರಿ. ನಮ್ಮಲ್ಲಿ ಅದು ಡ್ಯಾಶ್‌ಬೋರ್ಡಿನ ಕೆಳಗಿತ್ತು. ಹಿಂದಿನದು ನಿಧಾನವಾದರೆ ದಾರ ಎಳೆದಂತೆ ಸಾಲು ನೆಟ್ಟಗಾಗುತ್ತದೆ.

ರಸ್ತೆ ಬದಿಗೆ ನಿಲ್ಲಿಸಿ ಗೂಡು ತೆಗೆದು ನೋಡಿದಾಗ ಕಾರಣ ತಿಳಿಯಿತು. ಕಾರಿನಿಂದ ಇಳಿದು ಬಂದ ಹಿರಿಯಾಕೆಗೆ ಕೋಪ.

"ಅಲ್ಲಪ್ಪಾ, ಎಳನೀರು ಹಿಂದಿದ್ರೇನು ಮುಂದಿದ್ರೇನು? ತೂಕ ಒಂದೇ ತಾನೆ?"

ನಾನು ಲೆಕ್ಕ ಹೇಳಲು ಬಾಯಿ ತೆರೆದೆ. ರಹಮತ್ ಒಂದು ಹಿತ್ತಾಳೆ ಬಿಂದಿಗೆಯನ್ನು ಅವರ ಕೈಗೆ ಕೊಟ್ಟ.

"ಅಮ್ಮಾ, ಇದನ್ನ ಸೊಂಟದ ಮೇಲೆ ಇಟ್ಕೊಂಡ್ರೂ ಅದೇ ತೂಕ, ಕೈ ನೀಡಿ ಇಡ್ಕೊಂಡ್ರೂ ಅದೇ ತೂಕ. ಎಲ್ಲಿ, ಕೈ ನೀಡಿ ಇಡ್ಕೊಳ್ಳಿ ನೋಡಣ."

ಅವರು ಎರಡು ಗಳಿಗೆ ಹಿಡಿದು, ತೋಳು ನಡುಗಿ, ನಕ್ಕುಬಿಟ್ಟರು. ಮೂಟೆಗಳನ್ನೆಲ್ಲ ಚಕ್ರಕ್ಕಿಂತ ಮುಂದೆ, ನೆಲದ ಮೇಲೆ ಜೋಡಿಸಿದೆವು. ಟ್ರೈಲರಿನ ತೂಕ ಹತ್ತು ಪಾಲಾದರೆ ಒಂದು ಪಾಲು, ಅದಕ್ಕಿಂತ ತುಸು ಹೆಚ್ಚು, ಗುಂಡಿನ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ಬೀಸುತ್ತದೆ. ಮಿತಿಮೀರಿದರೆ ಪಿಕಪ್ಪಿನ ಮುಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ. ನಾನು ಹೀಗೆ ಹೇಳುತ್ತೇನೆ. ರಹಮತ್ ಬಿಂದಿಗೆ ಕೊಡುತ್ತಿದ್ದ. ಯಾವುದು ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆಂದು ನೀವೇ ನೋಡಿ.

ತಪ್ಪುಗಳು ನನ್ನವೂ ಇದ್ದವು. ನಾನು ವಾಸವಿರುವುದು ವಿದ್ಯಾರಣ್ಯಪುರಂನಲ್ಲಿ. ಮನೆಯಲ್ಲಿ ಮರೆತ ಔಷಧಿ ತೆಗೆದುಕೊಳ್ಳಲು ಒಂದು ದಿನ ನನ್ನ ಬೀದಿಗೇ ಟ್ರೈಲರ್ ತಂದು, ಪಿಕಪ್ ದಾಟಿದ ಮರದ ಕೊಂಬೆಗೆ ಟ್ರೈಲರಿನ ಚಾವಣಿಯ ಗಾಳಿಗೂಡನ್ನು ಬಡಿಸಿದೆ. ಎಳೆಯುವ ಗಾಡಿಯ ಎತ್ತರ ನೋಡಿ ಓಡಿಸುವ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. "ಪಿಕಪ್ ಪಾಸು, ಮನೆ ಫೇಲು," ಎಂದ ರಹಮತ್. ಮಾಲೀಕರಿಗೆ ಅವನು ಹೇಳಲಿಲ್ಲ. ನಾನೇ ಪ್ರಯಾಣದ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ತಪ್ಪು ಯಾರದೇ ಆಗಲಿ, ಅದೇ ಸಂಜೆ ಪುಸ್ತಕಕ್ಕೆ ಹೋಗಬೇಕು. ಅದು ನನ್ನ ನಿಯಮ. ಆ ನಿಯಮದ ಬಗ್ಗೆ ನನಗೆ ಹೆಮ್ಮೆಯಿತ್ತು.

ಆರನೆಯ ವರ್ಷದ ಒಂದು ಬೆಳಿಗ್ಗೆ, ಕಂಪನಿಯ ಅಂಗಳ. ರಹಮತ್ ಒಂದು ಕೈಯಲ್ಲಿ ಟೀ ಲೋಟ ಹಿಡಿದು, ತನ್ನ ಮಗಳು ಸೈಕಲ್ ಕಲಿಯಲು ಹೋಗಿ ಸೊಪ್ಪಿನ ಗಾಡಿಗೆ ನುಗ್ಗಿದ ಕಥೆ ಹೇಳುತ್ತಿದ್ದ. ನಾನು ಕೂಗುತ್ತಿದ್ದೆ. ಬಾಯಿ, ಇದೆ. ಪಿನ್, ಇದೆ.

"ಚೈನ್?"

"ಇದೆ. ಆ ಸೊಪ್ಪಿನೋಳು ಏನಂದ್ಲು ಗೊತ್ತಾ—"

"ಮುಟ್ಟಿದ್ಯಾ?"

"ಆ? ಇದೆಯಲ್ಲ ಅವಾಲ್ದಾರ್ರೇ, ಕಾಣ್ತಾ ಅದೆ."

"ಮುಟ್ಟಿದ್ಯಾ ಅಂದೆ."

ಅವನ ನಗು ನಿಂತಿತು. "ಇಲ್ಲ," ಎಂದು ಲೋಟ ಕೆಳಗಿಟ್ಟು, ಬಗ್ಗಿ, ಎರಡೂ ಚೈನನ್ನು ಎಳೆದು ತೋರಿಸಿದ. ಎರಡೂ ಇದ್ದಲ್ಲೇ ಇದ್ದವು. ಹೊರಟೆವು. ಸೊಪ್ಪಿನವಳು ಏನೆಂದಳೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಸಂಜೆ ಪುಸ್ತಕದಲ್ಲಿ ಬರೆದೆ. "ಈ ದಿನ ಬೆಳಗಿನ ತಪಾಸಣೆಯಲ್ಲಿ ಸಹಾಯಕ ರಹಮತ್ ಚೈನನ್ನು ಮುಟ್ಟದೆಯೇ 'ಇದೆ' ಎಂದು ಹೇಳಿರುತ್ತಾನೆ. ಕೇಳಿದಾಗ ಒಪ್ಪಿಕೊಂಡಿರುತ್ತಾನೆ. ಇದು ಕ್ರಮಕ್ಕೆ ವಿರುದ್ಧ. ಎಚ್ಚರಿಕೆ ಕೊಡತಕ್ಕದ್ದು." ಸೇನೆಯಲ್ಲಾದರೆ ಮೇಲಿನವರು ಕರೆದು ಗದರಿಸಿ ಕಳಿಸುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿಯೂ ಹಾಗೇ ಎಂದುಕೊಂಡಿದ್ದೆ.

ಒಂದು ಗಾಡಿಗೆ ಇಬ್ಬರೇಕೆ ಎಂಬ ಯೋಚನೆ ಮಾಲೀಕರ ತಲೆಯಲ್ಲಿ ಬಹಳ ದಿನದಿಂದ ಇತ್ತೆಂದು ನನಗೆ ಗೊತ್ತಿರಲಿಲ್ಲ. ಮರುದಿನ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟುಕೊಂಡು ಕರೆಸಿದರು.

"ನೀವೇ ಬರ್ದಿದ್ದೀರಲ್ಲ ನಂಜುಂಡಪ್ನೋರೇ, ಅವನು ನೋಡೋದೇ ಇಲ್ಲ ಅಂತ. ಮತ್ತೆ ಅವನು ಯಾಕೆ ಬೇಕು?"

"ನೋಡೋದಿಲ್ಲ ಅಂತ ಬರೆದಿಲ್ಲ ಸಾರ್. ಮುಟ್ಟಲಿಲ್ಲ ಅಂತ."

"ಎರಡೂ ಒಂದೇ ಬಿಡಿ. ನೀವೊಬ್ರೇ ಸಾಕು. ನಿಮ್ಮಂಥ ಶಿಸ್ತಿನೋರಿಗೆ ಇನ್ನೊಬ್ಬ ಯಾಕೆ?"

ಅಲ್ಲಿ ನಾನು ಹೇಳಬಹುದಾಗಿದ್ದ ಮಾತು ಬಹಳ ಇತ್ತು. ನಂಜನಗೂಡು ರಸ್ತೆಯ ವಿಷಯ ಹೇಳಬಹುದಿತ್ತು. ಎರಡನೆಯ ಚೈನಿನ ವಿಷಯ ಹೇಳಬಹುದಿತ್ತು. ನಾನು "ಸರಿ ಸಾರ್" ಅಂದೆ. ಹೊಗಳಿಕೆ ಕಿವಿಗೆ ಬಿದ್ದಾಗ ನೆಟ್ಟಗೆ ನಿಂತು ಸರಿ ಅನ್ನುವುದೂ ನಾನು ಸೇನೆಯಲ್ಲೇ ಕಲಿತದ್ದು.

ರಹಮತ್ ತನ್ನ ಕೈಗವಸು, ಬುತ್ತಿಡಬ್ಬಿ ತೆಗೆದುಕೊಂಡು ಅಂಗಳದಲ್ಲಿ ನನ್ನ ಮುಂದೆ ನಿಂತ. ಬೈಯುತ್ತಾನೆಂದು ಕಾದೆ.

"ನೀವು ಸುಳ್ಳು ಬರ್ದಿಲ್ಲ ಅವಾಲ್ದಾರ್ರೇ," ಎಂದ. "ಅದೇ ಕಷ್ಟ."

ಅಲ್ಲಿಂದ ಮುಂದಿನ ಐದು ವರ್ಷ ನಾನೇ ಕೂಗಿ ನಾನೇ ಉತ್ತರಿಸಿದೆ. "ಬಾಯಿ?" ಎಂದು ಕೂಗಿ ಹಿಂದಕ್ಕೆ ನಡೆದು, ಮುಟ್ಟಿ, "ಇದೆ" ಅನ್ನುತ್ತಿದ್ದೆ. ಶಿಬಿರದ ಜಾಗಗಳಲ್ಲಿ ಮಕ್ಕಳು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದವು. "ಅಂಕಲ್ ಯಾರ ಜೊತೆ ಮಾತಾಡ್ತಾವ್ರೆ?" ಎಂದು ಒಂದು ಹುಡುಗಿ ಕೇಳಿದ್ದು ನೆನಪಿದೆ. ಎಂಟನೆಯದನ್ನು ಮಾತ್ರ ಕೂಗಲಿಲ್ಲ. ಹಿಂದೆ ಯಾರೂ ಇಲ್ಲದಿರುವಾಗ ಇದ್ದೀನಿ ಎಂದು ನಾನೇ ಹೇಳುವುದು ಆಗಲಿಲ್ಲ.

ಬಾಡಿಗೆಗೆ ಬಂದವರು ಕೆಟ್ಟವರಲ್ಲ. ಊಟದ ಹೊತ್ತಿಗೆ ತಟ್ಟೆ ಕಳಿಸುತ್ತಿದ್ದರು. ಸ್ಟೀರಿಂಗಿನ ಮೇಲೆ ಟವೆಲ್ ಹಾಸಿ, ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆ. ನಾಲ್ಕು ಮಾರು ದೂರದ ಆ ತೆಳು ಗೋಡೆಯ ಹಿಂದೆ ಯಾರೋ ಯಾರಿಗೋ ಉಪ್ಪಿನಕಾಯಿ ಕೊಡು ಎನ್ನುವುದು ಕೇಳುತ್ತಿತ್ತು. ನನ್ನ ಮನೆಯಲ್ಲಿ ಆ ಮಾತು ಕೇಳಿ ಬಹಳ ದಿನವಾಗಿತ್ತು. ಮನೆಯನ್ನು ಮಟ್ಟ ನೋಡಿ ನಿಲ್ಲಿಸಿದವನು ನಾನು. ಅವರ ಲೋಟದ ನೀರು ಓರೆಯಾಗದೆ ನಿಂತಿರುವುದು ನನ್ನಿಂದ. ಅಷ್ಟು ನೆನೆದುಕೊಂಡು ತಟ್ಟೆ ತೊಳೆದಿಡುತ್ತಿದ್ದೆ.

ಉದಯಗಿರಿಯಲ್ಲಿ ರಹಮತ್ ಸ್ವಂತ ವೆಲ್ಡಿಂಗ್ ಶೆಡ್ ಹಾಕಿದ್ದಾನೆಂದು ಕೇಳಿದೆ. ಆ ಕಡೆ ಹಾದು ಹೋಗಬೇಕಾಗಿ ಬಂದರೂ ಸುತ್ತು ಹೊಡೆದು ಬೇರೆ ದಾರಿ ಹಿಡಿಯುತ್ತಿದ್ದೆ. ಪುಸ್ತಕದಲ್ಲಿ ದೂರ ಹೆಚ್ಚು ಬಂದದ್ದಕ್ಕೆ ಕಾರಣ "ರಸ್ತೆ ಕಾಮಗಾರಿ" ಎಂದು ಬರೆದೆ. ಸುಳ್ಳು ಬರೆಯದವನು ಬರೆದ ಸುಳ್ಳು ಅದು.

ಆಮೇಲೆ ಪುಸ್ತಕವೇ ಹೋಯಿತು. ಫೋನಿನಲ್ಲಿ ಆ್ಯಪ್ ಬಂತು. ಏಳು ಚೌಕ, ಏಳು ಟಿಕ್ಕು. ಕ್ಯಾಬಿನ್ನಿನಲ್ಲಿ ಕೂತೇ ಏಳನ್ನೂ ಒತ್ತಿಬಿಡಬಹುದು. ಹಿಂದೆ ನೋಡಲು ಕ್ಯಾಮೆರಾ ಹಾಕಿಸಿದರು. ಒಳ್ಳೆಯ ಸಾಧನ, ನಾನು ತೆಗಳುವುದಿಲ್ಲ. ಹಿಂದೆ ಸೈಕಲ್ ಅಡ್ಡ ಬಿದ್ದಿದ್ದರೆ ಅದು ತೋರಿಸುತ್ತದೆ. ಇಳಿದು ಎತ್ತಿಡುವವನು ಮಾತ್ರ ನಾನೇ.

ಆಷಾಢದ ಒಂದು ಶುಕ್ರವಾರ. ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ತೋಟದಲ್ಲಿ ಬಾಡಿಗೆ ಮುಗಿದಿತ್ತು, ಮನೆಯನ್ನು ಅಂಗಳಕ್ಕೆ ವಾಪಸು ತರಬೇಕಿತ್ತು. ಬೆಳಿಗ್ಗೆ ಏಳಕ್ಕೆ ಕಟ್ಟಿದೆ. "ಬಾಯಿ?" ಅಂದೆ. "ಇದೆ," ಅಂದೆ. ಕೈ ಆಗಲೇ ಪಿನ್ನಿನ ಕಡೆ ಹೊರಟಿತ್ತು.

ಎತ್ತಿ ನೋಡುವ ಪರೀಕ್ಷೆ ಒಬ್ಬನೇ ಮಾಡುವುದು ಕಷ್ಟ. ಕೂತು ಹಿಡಿ ತಿರುಗಿಸಬೇಕು, ಎದ್ದು ದೂರ ಹೋಗಿ ಪಿಕಪ್ಪಿನ ಹಿಂಭಾಗ ಎದ್ದಿದೆಯೇ ನೋಡಬೇಕು, ಮತ್ತೆ ಬಂದು ಕೂರಬೇಕು. ನನ್ನ ಮಂಡಿ ಆಗ ಕೈಕೊಡತೊಡಗಿತ್ತು. ನಿಜ ಹೇಳುವುದಾದರೆ ಕೆಲವು ತಿಂಗಳಿನಿಂದ ನಾನು ಆ ಪರೀಕ್ಷೆ ಬಿಟ್ಟಿದ್ದೆ. ಬಿಟ್ಟಿದ್ದೇನೆಂದು ನನಗೇ ಗೊತ್ತಾಗದ ಹಾಗೆ ಬಿಟ್ಟಿದ್ದೆ. ಐದು ವರ್ಷ ಒಬ್ಬನೇ ಹೇಳಿಕೊಂಡ ಮಾತು ಮಂತ್ರವಾಗಿಬಿಟ್ಟಿತ್ತು. ಮಂತ್ರ ಹೇಳುವಾಗ ಕೈ ಎಲ್ಲಿದೆಯೆಂದು ಯಾರು ನೋಡುತ್ತಾರೆ?

ಬೆಟ್ಟದ ಮೆಟ್ಟಿಲ ಕಡೆಗೆ ಹೋಗುವ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು, ಬರಿಗಾಲಲ್ಲಿ, ರಸ್ತೆಯ ಬದಿಯಲ್ಲಿ ಸಾಲಾಗಿ ನಡೆಯುತ್ತಿದ್ದರು. ನಾನು ಇಪ್ಪತ್ತರ ವೇಗದಲ್ಲಿದ್ದೆ. ಹಂಪ್ ಬಂತು. ಪಿಕಪ್ ದಾಟಿತು. ಮನೆಯ ಚಕ್ರ ಹತ್ತಿ ಇಳಿಯುವಾಗ ಟಣ್ ಎಂದಿತು, ಪಿಕಪ್ಪಿನ ಹಿಂಭಾಗ ಒಮ್ಮೆಲೇ ಹಗುರವಾಗಿ ಮೇಲೆದ್ದಿತು. ಕನ್ನಡಿಯಲ್ಲಿ ಮನೆ ತಲೆ ತಗ್ಗಿಸಿತು.

ಬ್ರೇಕ್ ಬೇಡ, ಬ್ರೇಕ್ ಬೇಡ. ಕಿವಿಯಲ್ಲಿ ಅದೇ ದನಿ. ಕಾಲು ತೆಗೆದೆ, ಸ್ಟೀರಿಂಗ್ ನೇರ ಹಿಡಿದೆ, ಟ್ರೈಲರಿನ ಬ್ರೇಕಿನ ಹಿಡಿ ಎಳೆದೆ. ವೈರ್ ಇನ್ನೂ ಕಿತ್ತಿರಲಿಲ್ಲ, ಬ್ರೇಕ್ ಹಿಡಿಯಿತು. ಮನೆ ಒಮ್ಮೆ ಎಡಕ್ಕೆ ಹೊರಳಿ, ಮುಂದೆ ಜಾರಿ, ಪಿಕಪ್ಪಿನ ಹಿಂಬದಿಗೆ ಮೂತಿ ಗುದ್ದಿ ನಿಂತಿತು. ಇಳಿದು ನೋಡಿದರೆ ಮನೆಯ ಎಡ ಮೂಲೆಗೂ ರಸ್ತೆ ಬದಿಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿಗೂ ನಡುವೆ ಎರಡು ಮೊಳ.

ಅವಳು ಬುಟ್ಟಿಯನ್ನು ಎದೆಗೆ ಅವುಚಿಕೊಂಡು, ನನ್ನನ್ನೂ ಮನೆಯನ್ನೂ ನೋಡಿ, "ಏನಪ್ಪೋ, ಮನೇನೇ ಬುಟ್ಬುಟ್ಟು ಒಂಟಿದ್ದೀಯಲ್ಲ!" ಎಂದಳು. ಸಾಲಿನಲ್ಲಿದ್ದವರು ನಕ್ಕರು. ನನ್ನ ಮುಖ ನೋಡಿ ಅವಳ ದನಿ ಬದಲಾಯಿತು. "ಕೂತ್ಕೊ. ಏ, ಮೊದ್ಲು ಕೂತ್ಕೊಳಪ್ಪ. ನೀರು ಕುಡಿ."

ಕೂತೆ. ಕೂತಲ್ಲಿಂದ ಮನೆಯ ಕೆಳಗೆ ಕಾಣುತ್ತಿತ್ತು. ಮೂತಿ ರಸ್ತೆಗೆ ತಾಗಿರಲಿಲ್ಲ. ಅಡ್ಡಡ್ಡ ಹಾಯಿಸಿದ ಎರಡು ಚೈನಿನ ನಡುವೆ, ನೆಲದಿಂದ ಒಂದು ಗೇಣು ಮೇಲೆ, ತೊಟ್ಟಿಲಲ್ಲಿ ಮಲಗಿದಂತೆ ತೂಗುತ್ತಿತ್ತು.

ಮಾಲೀಕರಿಗೆ ಫೋನ್ ಮಾಡಿದೆ. "ಯಾರಿಗೂ ಏನೂ ಆಗ್ಲಿಲ್ಲವಲ್ಲ, ಬಿಡಿ ನಂಜುಂಡಪ್ನೋರೇ. ಹಂಪ್ ಸರಿ ಇಲ್ಲ ಅಂತ ಹಾಕ್ಬಿಡಿ. ನೀವು ತಪ್ಪು ಮಾಡೋರಲ್ಲ ಅಂತ ನಂಗೊತ್ತಿಲ್ವಾ?" ಆ್ಯಪ್ ತೆರೆದೆ. ಕಾರಣಗಳ ಪಟ್ಟಿಯಲ್ಲಿ ರಸ್ತೆ, ಹವಾಮಾನ, ಬಿಡಿಭಾಗ, ಇತರೆ ಎಂದಿತ್ತು. ಡ್ರೈವರ್ ಎಂಬ ಚೌಕ ಇರಲಿಲ್ಲ. ಹಳೆಯ ಪ್ರಯಾಣದ ಪುಸ್ತಕ ಇನ್ನೂ ಸೀಟಿನ ಕೆಳಗೇ ಇತ್ತು. ತೆಗೆದು, ಅದೇ ನಾಲ್ಕು ಸಾಲನ್ನು ಮತ್ತೆ ಬರೆದೆ. ರಹಮತ್ ಇದ್ದ ಕಡೆ ನಂಜುಂಡಪ್ಪ, ಚೈನ್ ಇದ್ದ ಕಡೆ ಬಾಯಿ.

ಮೂತಿಯ ಕಬ್ಬಿಣ ಸೀಳಿತ್ತು, ಬೆಸುಗೆ ಬೇಕಿತ್ತು. ಹತ್ತಿರದಲ್ಲೇ ಮಾಡಿಸಿ ಎಂದಿದ್ದರು ಮಾಲೀಕರು. ತೋಟದವರ ಸಹಾಯದಿಂದ ಮತ್ತೆ ಕಟ್ಟಿ, ಹತ್ತು ಕಿಲೋಮೀಟರ್ ವೇಗದಲ್ಲಿ ಉದಯಗಿರಿಗೆ ಹೋದೆ.

ಶೆಡ್ ಕಿರಿದಾದ ಬೀದಿಯಲ್ಲಿತ್ತು. ರಹಮತ್ ಕನ್ನಡಕ ಹಾಕಿದ್ದ, ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತು, "ಬನ್ನಿ ನಂಜುಂಡಪ್ನೋರೇ," ಎಂದ. ಆರು ವರ್ಷ ಜೊತೆಗಿದ್ದಾಗ ಒಮ್ಮೆಯೂ ಅವನು ನನ್ನ ಹೆಸರು ಹೇಳಿರಲಿಲ್ಲ. ಆಮೇಲೆ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೀಳಿನ ಮೇಲೆ ಬೆರಳಾಡಿಸಿದ.

"ಬಾಯಿ ಕಚ್ಚಿರ್ಲಿಲ್ಲ."

"ಹೌದು."

"ಒಸ ಡ್ರೈವರ್ರಾ?"

ಹೂಂ ಎಂಬ ಶಬ್ದ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವನು ನಂಬುತ್ತಿದ್ದ. ನಾನು ಅಂಥ ತಪ್ಪು ಮಾಡುವವನಲ್ಲ ಎಂದು ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದವನು ಅವನೇ.

"ಇಲ್ಲ. ನಾನೇ."

ಅವನು ತಲೆಯೆತ್ತಲಿಲ್ಲ. "ಎತ್ತಿ ನೋಡ್ಲಿಲ್ವಾ?"

"ನೋಡಲಿಲ್ಲ. ಇದೆ ಅಂದೆ."

"ಯಾರ್ಗೆ ಅಂದ್ರಿ?"

"ನನಗೇ."

ಪುಸ್ತಕ ಅವನ ಮುಂದೆ ಹಿಡಿದೆ. ಮಸಿಯಾದ ಕೈ ತೋರಿಸಿ, "ನೀವೇ ಓದಿ" ಎಂದ. ಓದಿದೆ. ಮೊದಲು ನನ್ನ ಪುಟ, ಆಮೇಲೆ ಹಿಂದಕ್ಕೆ ತಿರುವಿ ಅವನದು. ಬೀದಿಯಲ್ಲಿ ಯಾರೋ ತಗಡು ಬಡಿಯುತ್ತಿದ್ದರು, ಗಟ್ಟಿಯಾಗಿ ಓದಬೇಕಾಯಿತು. ಮುಗಿದ ಮೇಲೆ ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಚೈನ್ ಇತ್ತು ಅಂತ ಬರ್ದಿಲ್ವಲ್ಲ ಅದ್ರಲ್ಲಿ?"

"ಇಲ್ಲ."

"ಇತ್ತು."

"ಇತ್ತು," ಎಂದೆ.

ಜೇಬಿನಿಂದ ಪೆನ್ನು ತೆಗೆದು, ಅವನ ಪುಟದಲ್ಲಿ ನಾಲ್ಕನೆಯ ಸಾಲಿನ ಕೆಳಗೆ ಐದನೆಯದನ್ನು ಬರೆದೆ: "ಚೈನು ಇತ್ತು. ಎರಡೂ ಸರಿಯಾಗಿದ್ದವು." ಆ ದಿನದ ದಿನಾಂಕ ಹಾಕಿ ಸಹಿ ಮಾಡಿದೆ. ಅವನು ಕನ್ನಡಕ ಮೇಲೆ ಸರಿಸಿ ಬಗ್ಗಿ ನೋಡಿದ. ಮುಖಕ್ಕೆ ಗವಸು ಇಳಿಸಿಕೊಂಡು ಬೆಸುಗೆ ಶುರು ಮಾಡಿದ. ನಾನು ಕಿಡಿಯ ಕಡೆ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಕೂತೆ. ಕೆಲಸದ ನಡುವೆ ಒಂದೇ ಒಂದು ಸಲ ಕೇಳಿದ:

"ತೊಟ್ಲು ತಡೀತಾ?"

"ತಡೀತು."

ಮೂರು ತಿಂಗಳ ನಂತರ ನಾನು ಕೆಲಸ ಬಿಟ್ಟೆ. ಅದಕ್ಕೆ ಮೊದಲು ಮಾಲೀಕರಿಗೆ ಕಾಗದ ಬರೆದು, ಟ್ರೈಲರಿನ ಜೊತೆ ಒಬ್ಬನನ್ನೇ ಕಳಿಸಬೇಡಿ ಎಂದೆ, ಕಾರಣವಾಗಿ ಪುಸ್ತಕದ ಆ ಎರಡು ಪುಟಗಳ ಪ್ರತಿ ಲಗತ್ತಿಸಿದೆ. ಈಗ ಇಬ್ಬರು ಹೋಗುತ್ತಾರೆಂದು ಕೇಳಿದ್ದೇನೆ. ಆ ಇಬ್ಬರಲ್ಲಿ ರಹಮತ್ ಇಲ್ಲ. ಕರೆದಿದ್ದರಂತೆ, ಅವನು ಹೋಗಲಿಲ್ಲ. ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟು: ಜೊತೆಗಾರ ಮುಟ್ಟದೆ ಇದೆ ಎಂದರೆ ಮುಟ್ಟಿಸಿ. ಬರೆಯಬೇಕಾಗಿ ಬಂದರೆ ಇದ್ದದ್ದನ್ನೂ ಬರೆಯಿರಿ. ನಿಮ್ಮನ್ನು ಕೇಳುವವನಿಲ್ಲದ ದಿನ ನಿಮ್ಮ ಬಾಯಿಯ ಮಾತನ್ನು ನೀವೇ ನಂಬಬೇಡಿ.

ಆ ದಿನ ಬೆಸುಗೆ ಆರಿದ ಮೇಲೆ ಕಟ್ಟಿದೆವು. ಹಿಡಿಯ ಮುಂದೆ ನಾನು ಕೂತೆ. ಅವನು ಎದುರಿನ ಗೋಡೆಗೆ ಒರಗಿ ನಿಂತು ಕೂಗಿದ. ಏಳನ್ನೂ ಕ್ರಮ ತಪ್ಪದೆ, ನಿನ್ನೆ ಬಿಟ್ಟು ಇಂದು ಬಂದವನಂತೆ.

"ಬಾಯಿ?"

ಹಿಡಿ ತಿರುಗಿಸಿದೆ. ಪಿಕಪ್ಪಿನ ಹಿಂಭಾಗ ಮೇಲೆದ್ದಿತು. "ಇದೆ."

"ಮುಟ್ಟಿ ಏಳಿ."

ಮುಟ್ಟಿ ಹೇಳಿದೆ.

ಏಳೂ ಆಯಿತು. ಆ ಬೀದಿಯಲ್ಲಿ ತಿರುಗಿಸಲು ಜಾಗವಿರಲಿಲ್ಲ, ಮುಖ್ಯರಸ್ತೆಯವರೆಗೆ ರಿವರ್ಸ್ ಹೋಗಬೇಕು. ಸೀಟಿಗೆ ಹತ್ತಿದೆ. ಕ್ಯಾಮೆರಾದ ಪರದೆ ತಾನಾಗಿ ಬೆಳಗಿತು, ಅದನ್ನು ಆರಿಸಿದೆ. ಕನ್ನಡಿಯಲ್ಲಿ ಮನೆಯ ಗೋಡೆ, ಹೂವಿನ ಪರದೆ, ಅಷ್ಟೇ. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ.

"ಹಿಂದೆ?"

ತಗಡು ಬಡಿಯುವ ಸದ್ದು ಮಾತ್ರ ಕೇಳಿತು. ಅವನು ಶೆಡ್ಡಿನೊಳಗೆ ಹೋಗಿರಬೇಕು ಎಂದುಕೊಂಡು ಇಳಿಯಲು ಬಾಗಿಲಿನ ಹಿಡಿಗೆ ಕೈ ಹಾಕಿದೆ.

"ಇದ್ದೀನಿ," ಎಂದಿತು ದನಿ. "ಬನ್ನಿ ಅವಾಲ್ದಾರ್ರೇ. ನಿಧಾನ. ಬನ್ನಿ, ಬನ್ನಿ."

ಮುಖ್ಯರಸ್ತೆಗೆ ಇಳಿದು, ಮನೆಯನ್ನು ನೆಟ್ಟಗೆ ಮಾಡಿ, ಮುಂದಿನ ಗೇರ್ ಹಾಕಿದೆ. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯ ಅಂಚಿನಲ್ಲಿ ಅವನು ಕಂಡ. ಆಗಲೇ ಬೆನ್ನು ತಿರುಗಿಸಿ, ಕೈಗವಸು ಹಾಕಿಕೊಳ್ಳುತ್ತಾ, ತನ್ನ ಬೀದಿಯೊಳಗೆ ನಡೆಯುತ್ತಿದ್ದ.